ವಿಳಾಸ ಕಳೆದುಕೊಂಡ ನಲವತ್ತೊಂದು ಕುಂಡಗಳು

ನಮ್ಮ ಬೀಗರಿಗೆ ಹುಚ್ಚು ಎಂದು ಅಮೆರಿಕದ ಪೊಮೊನಾದಲ್ಲಿ ನಾಲ್ಕು ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹುಚ್ಚಾಗಿದ್ದರೆ ಅದಕ್ಕೊಂದು ಮಾತ್ರೆ ಇರುತ್ತಿತ್ತು, ಮಗಳ ಇನ್ಶೂರೆನ್ಸಿನಲ್ಲಿ ಬರುತ್ತಲೂ ಇತ್ತು. ಇದಕ್ಕೆ ಮಾತ್ರೆ ಇಲ್ಲ.

ಬೀಗರು ಎಂದರೆ ನನ್ನ ಅಳಿಯನ ಅಪ್ಪ. ನನಗೆ ಗಂಡ ಇಲ್ಲ, ಅವರಿಗೆ ಹೆಂಡತಿ ಇಲ್ಲ. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ಮೊಮ್ಮಗಳನ್ನು ನೋಡಿಕೊಳ್ಳಲು ಎರಡೂ ಕಡೆಯಿಂದ ಒಂದೊಂದು ಮುದಿ ಜೀವವನ್ನು ಕರೆಸಿಕೊಂಡರು. ನಾವು ಬಂದಿಳಿದ ತಿಂಗಳಿಗೇ ಕೊರೊನಾ ಬಂದು ಹೊರಗಿನಿಂದ ಚಿಲಕ ಹಾಕಿತು. ಊರಿನಲ್ಲಿ ಬೀಗರೆಂದರೆ ವರ್ಷಕ್ಕೊಮ್ಮೆ ಹೋಳಿಗೆ ಬಡಿಸಿ, ಎಲೆ ಅಡಿಕೆ ಕೊಟ್ಟು, ಬಸ್ಸು ಹತ್ತಿಸುವ ಜನ. ಒಂದೇ ಸೂರಿನಡಿ ಐದು ವರ್ಷ ಬೀಗರ ಕೆಮ್ಮು ಕೇಳಿದ ಹೆಂಗಸು ಇನ್ನೊಬ್ಬಳಿದ್ದರೆ ಕರೆದುಕೊಂಡು ಬನ್ನಿ, ಕೂರಿಸಿ ಕಾಫಿ ಕೊಡುತ್ತೇನೆ.

ಅವರು ಕೆಲಸ ಮಾಡಿದ್ದು ರೈಲಿನ ಅಂಚೆ ಬೋಗಿಯಲ್ಲಿ. ರೈಲು ಓಡುತ್ತಿರುವಾಗಲೇ ನಿಂತುಕೊಂಡು ಕಾಗದಗಳನ್ನು ಆಯಾ ಊರಿನ ಗೂಡಿಗೆ ಹಾಕುವ ಕೆಲಸ. ಮೂವತ್ತಾರು ವರ್ಷದಲ್ಲಿ ಒಂದು ಕಾಗದವೂ ತಪ್ಪು ಗೂಡಿಗೆ ಬಿದ್ದಿಲ್ಲವಂತೆ. “ಕಡೂರಿನ ಕಾಗದ ಬೀರೂರಿಗೆ ಹೋದ್ರೆ ಅದು ಬರೀ ತಪ್ಪಲ್ಲ ಬೀಗಿತ್ತಮ್ಮ, ಪಾಪ” ಎನ್ನುತ್ತಾರೆ. ಕೆಲಸ ಮುಗಿಯಿತು, ಪಿಂಚಣಿ ಬಂತು, ಕೈ ಮಾತ್ರ ನಿಲ್ಲಲಿಲ್ಲ.

ಮೊದಲು ಹಿಡಿದದ್ದು ನನ್ನ ಅಡುಗೆಮನೆಯನ್ನು. ಡಬ್ಬಗಳನ್ನೆಲ್ಲ ಜಿಲ್ಲೆ ಪ್ರಕಾರ ಜೋಡಿಸಿದರು. ತೊಗರಿಬೇಳೆ ಗುಲ್ಬರ್ಗದ ಗೂಡು, ಮೆಣಸಿನಕಾಯಿ ಬ್ಯಾಡಗಿ ಗೂಡು, ಮೆಣಸು ಕೊಡಗಿನ ಗೂಡು. ಒಲೆಯ ಮೇಲೆ ಎಣ್ಣೆ ಹೊಗೆಯಾಡುತ್ತಿರುವಾಗ ಸಾಸಿವೆ ಯಾವ ಜಿಲ್ಲೆಯದು ಎಂದು ಯಾರಿಗೆ ಹೊಳೆಯುತ್ತದೆ ಹೇಳಿ? ಒಂದು ವಾರ ಒಗ್ಗರಣೆ ಇಲ್ಲದ ಹುಳಿ ಉಂಡ ಮೇಲೆ ಅಳಿಯನೇ ಅಪ್ಪನನ್ನು ಅಂಗಳಕ್ಕೆ ಅಟ್ಟಿದ.

ಅಂಗಡಿಗೆ ಕರೆದುಕೊಂಡು ಹೋದರೆ ಅಲ್ಲೂ ಅದೇ ಕಥೆ. ಬೆಣ್ಣೆಹಣ್ಣಿನ ರಾಶಿಯ ಮುಂದೆ ನಿಂತು, ಇವತ್ತು ತಿನ್ನುವುದು, ನಾಳಿದ್ದು ತಿನ್ನುವುದು, ಭಾನುವಾರಕ್ಕಾಗುವುದು ಎಂದು ಮೂರು ಗುಡ್ಡೆ ಮಾಡತೊಡಗಿದರು. ಗಿರಾಕಿಗಳು ಸಾಲು ನಿಂತರು. ಮ್ಯಾನೇಜರ್ ಬಂದ. ಮಾಸ್ಕಿನ ಮೇಲೆ ಬರೀ ಕಣ್ಣು ಕಾಣುತ್ತಿತ್ತು. ಸರಿ, ಈ ಮನುಷ್ಯನನ್ನು ಇವತ್ತು ಒಳಗೆ ಹಾಕುತ್ತಾರೆ ಎಂದುಕೊಂಡೆ. ಅವನು ಎರಡು ನಿಮಿಷ ನೋಡಿ, ಆ ಕಡೆ ಪೇರಳೆ ಹಣ್ಣೂ ಇದೆ, ಸ್ವಲ್ಪ ನೋಡುತ್ತೀರಾ ಎಂದು ಕೇಳಿದ.

ಇಂಥ ಮನುಷ್ಯನಿಗೆ ಹೂವಿನ ಸಹವಾಸ ಹೇಗೆ ಬಂತು ಎಂದರೆ, ಅದು ಪಕ್ಕದ ಮನೆಯ ಅಮೆರಿಕನ್ ಅಜ್ಜಿಯ ಕೃಪೆ. ಎಂಬತ್ತು ದಾಟಿದವಳು. ಸ್ಯಾನ್ ಡಿಯಾಗೋದ ಮಗಳ ಮನೆಗೆ ಶಾಶ್ವತವಾಗಿ ಹೊರಟಿದ್ದಳು. ಹೊರಡುವ ಮುಂಚೆ ಬೇಲಿಯ ಮೇಲಿಂದ ಒಂದು ರಟ್ಟಿನ ಪೆಟ್ಟಿಗೆಯನ್ನು ನಮ್ಮ ಬೀಗರಿಗೆ ದಾಟಿಸಿದಳು. ಒಳಗೆ ನಲವತ್ತು ಕಾಗದದ ಕವರು. ಒಂದೊಂದು ಕವರಿನಲ್ಲಿ ಒಂದಷ್ಟು ಗೆಡ್ಡೆ, ಕವರಿನ ಮೇಲೆ ಪೆನ್ಸಿಲಿನಲ್ಲಿ ಅದರ ಹೆಸರು. ಜೀವಮಾನವೆಲ್ಲ ಕವರು ನೋಡಿದ ಮನುಷ್ಯನ ಕೈಗೆ ವರ್ಷಗಟ್ಟಲೆ ಖಾಲಿ ಕೂತಮೇಲೆ ಮತ್ತೆ ಕವರು ಬಂತು. ಮುಖ ನೋಡಬೇಕಿತ್ತು ನೀವು, ಮದುಮಗ.

ನಲವತ್ತೊಂದನೆಯ ಕವರನ್ನು ಅಜ್ಜಿ ಪೆಟ್ಟಿಗೆಯಲ್ಲಿ ಹಾಕಿರಲಿಲ್ಲ. ಅದನ್ನು ಬೇರೆಯಾಗಿ ಅವರ ಅಂಗೈಯಲ್ಲಿಟ್ಟಳು. ನವಿಲುಗಣ್ಣಿನ ಹೂವಂತೆ. ಬೀಜದಿಂದ ಬೆಳೆಸಿದ್ದಂತೆ. ಅವಳಿಗೆ ಎರಡೇ ಸಲ ಅರಳಿ ತೋರಿಸಿದೆಯಂತೆ. “ಅರಳಿದ ದಿನ ನನಗೆ ಫೋನ್ ಮಾಡು” ಎಂದಳು. ಇವರು ಎದೆ ಮುಟ್ಟಿಕೊಂಡು “ಪ್ರಾಮಿಸ್” ಎಂದರು. ಬೀಗರು ಒಂದು ಮಾತು ಕೊಟ್ಟರೆ ಅದು ರಿಜಿಸ್ಟರ್ಡ್ ಪೋಸ್ಟು.

ಆ ಗೆಡ್ಡೆಗಳ ಮೊದಲ ಪರೀಕ್ಷೆ ನನ್ನ ಈಳಿಗೆಮಣೆಯ ಮೇಲೆ ಆಯಿತು. ಕಟ್ಟೆಯ ಮೇಲೆ ನಾಲ್ಕು ಉರುಳಿ ಬಿದ್ದಿದ್ದವು, ಸಾಂಬಾರ್ ಈರುಳ್ಳಿ ಎಂದು ಎತ್ತಿಕೊಂಡೆ. ಸಿಪ್ಪೆ ನೋಡಿದರೆ ಬಲೆ ಹೆಣೆದ ಹಾಗೆ ನಾರು ನಾರು. ಕೊಯ್ದರೆ ಒಳಗೆ ಈರುಳ್ಳಿಯ ಪದರವೇ ಇಲ್ಲ, ಕೆಸುವಿನ ಗೆಡ್ಡೆಯ ಹಾಗೆ ಒಂದೇ ಮುದ್ದೆ. ಕಣ್ಣಲ್ಲಿ ನೀರೂ ಬರಲಿಲ್ಲ.

ಮೊಮ್ಮಗಳು ಇಣುಕಿ, “ಅಜ್ಜೀ, ದಟ್ಸ್ ನಾಟ್ ಆನಿಯನ್” ಎಂದಳು.

“ಅಮೆರಿಕದ ಈರುಳ್ಳಿ ಕಣೇ, ಇದಕ್ಕೆ ಅಳಿಸೋಕೂ ಬರಲ್ಲ” ಎಂದೆ.

ಬೀಗರು ಓಡಿ ಬಂದರು. “ಬೀಗಿತ್ತಮ್ಮ, ಅದನ್ನ ಕೆಳಗಿಡಿ. ಇದನ್ನ ತಿಂದ್ರೆ ದನಾನೇ ಬದುಕಲ್ಲ.”

“ಮನೇಲಿ ದನ ಯಾರೂ ಇಲ್ವಲ್ಲ ಬೀಗ್ರೇ” ಎಂದೆ. ಎಂದೆನೇ ಹೊರತು ಆಗಲೇ ಎರಡು ಹೋಳು ಬಿದ್ದಿದ್ದ ಹುಳಿಯನ್ನೆಲ್ಲ ಚೆಲ್ಲಿ ಪಾತ್ರೆಯನ್ನು ಮೂರು ಸಲ ತೊಳೆದೆ.

ಉಳಿದ ಗೆಡ್ಡೆಗಳನ್ನು ಬೀಗರು ಕವರಿಗೊಂದರಂತೆ ನಲವತ್ತೊಂದು ಕುಂಡದಲ್ಲಿ ನೆಟ್ಟರು. ಮುಂದಿನ ಮಾರ್ಚಿನಲ್ಲಿ ಹೂ ಬಂದವು, ನವಿಲುಗಣ್ಣೊಂದು ಬಿಟ್ಟು. ನಾನು ಮೂರನೇ ಕ್ಲಾಸು ಓದಿದವಳು, ಮಲ್ಲೇಶ್ವರದ ಒಂದು ಮೂಲೆಯಲ್ಲಿ ಹೂ ಕಟ್ಟಿ ಮಾರಿ ಮಗಳನ್ನು ಇಂಜಿನಿಯರ್ ಓದಿಸಿದವಳು. ನನ್ನ ಲೆಕ್ಕದಲ್ಲಿ ಹೂವು ಎರಡೇ ಜಾತಿ: ದಾರಕ್ಕೆ ನಿಲ್ಲುವುದು, ನಿಲ್ಲದ್ದು. ಇವು ನಿಲ್ಲದ್ದು. ಮಧ್ಯಾಹ್ನ ಅರಳುತ್ತವೆ, ಸಂಜೆ ಕಾಫಿ ಹೊತ್ತಿಗೆ ಮುದುಡುತ್ತವೆ. ಮಾರನೆಯ ದಿನ ಅದೇ ದಂಟಿನಲ್ಲಿ ಇನ್ನೊಂದು. ಮೊಳ ಹಾಕಲೂ ಬಾರದು, ಬುಟ್ಟಿಯಲ್ಲಿ ಇಡಲೂ ಬಾರದು. ಇವನ್ನು ಇಟ್ಟುಕೊಂಡು ವ್ಯಾಪಾರ ಮಾಡಿದ್ದರೆ ನನ್ನ ಮಗಳು ಇವತ್ತು ಇಂಜಿನಿಯರ್ ಆಗುತ್ತಿರಲಿಲ್ಲ.

“ಇದು ಐರಿಸ್ ಮನೆತನ” ಎಂದು ಬೀಗರು ಭೂತಕನ್ನಡಿ ಹಿಡಿದು ಶುರುಮಾಡುತ್ತಿದ್ದರು. “ಆ ಮನೆತನದೊಳಗೆ ಮೊರಿಯಾ ಅಂತ ಒಂದು ವಂಶ. ನೋಡಿ, ಹೊರಗೆ ಮೂರು ಎಸಳು, ಒಳಗೆ ಮೂರು. ಕೇಸರ ಮೂರು. ಕಾಯಿ ಎಸಳಿನ ಕೆಳಗೆ, ದಂಟಿನಲ್ಲಿ. ನಡುವಿನ ಕಡ್ಡಿ ಮೂರಾಗಿ ಒಡೆದಿದೆ. ಈಗ ಹೇಳಿ, ಈ ಒಳಗಿರೋದು ಎಸಳೋ, ಕಡ್ಡಿಯೋ?”

“ಎಸಳು.”

“ಕಡ್ಡಿ. ಎಸಳಿನ ವೇಷ ಹಾಕಿದೆ. ತುದಿಯಲ್ಲಿ ಎರಡು ಜುಟ್ಟು ಬೇರೆ ಬಿಟ್ಟಿದೆ. ಅದರ ಹೊಟ್ಟೆ ಕೆಳಗೆ ಕೇಸರ ಅವಿತಿದೆ. ಜೇನು ನುಸುಳಿದ್ರೆ ಬೆನ್ನಿಗೆ ಹುಡಿ ಹತ್ತುತ್ತೆ.”

“ಇಷ್ಟೊಂದು ನಾಟಕ ಯಾಕೆ? ಮಲ್ಲಿಗೆ ನೋಡಿ, ಅರಳಿತು, ಘಮ್ಮಂತು, ಮುಗೀತು.”

“ಎಲ್ಲದಕ್ಕೂ ಈ ವೇಷ ಇಲ್ಲ” ಎಂದು ಇನ್ನೊಂದು ಕುಂಡ ಎಳೆದರು. ಅದರ ಹೂವು ಬೇಯಿಸಿದ ಕ್ಯಾರೆಟ್ ಬಣ್ಣದ್ದು. ಆರೂ ಎಸಳು ಹೆಚ್ಚು ಕಮ್ಮಿ ಒಂದೇ ಅಳತೆ, ಸೇರಿ ಒಂದು ಬಟ್ಟಲು. ನಡುವೆ ಕೇಸರ ಮೂರೂ ಅಂಟಿಕೊಂಡು ಒಂದು ಕಂಬ. ಸಾದಾ ಸೀದಾ ಹೂವು. ಗೆಡ್ಡೆಯ ಸುತ್ತ ಸಾಸಿವೆಯಷ್ಟು ಸಾಸಿವೆಯಷ್ಟು ಮರಿ ಹಾಕಿ, ಸಿಮೆಂಟಿನ ಬಿರುಕಿನಲ್ಲೂ ಹುಟ್ಟುತ್ತಿತ್ತು. “ಇದನ್ನ ಹಿಂದೆ ಬೇರೆ ವಂಶ ಅಂತ ಇಟ್ಟಿದ್ರು. ಮುಖ ನೋಡಿ ಮಾಡಿದ ವಿಂಗಡಣೆ. ಆಮೇಲೆ ಪಂಡಿತರು ರಕ್ತಸಂಬಂಧ ಪರೀಕ್ಷೆ ಮಾಡಿ, ಇದೂ ಇನ್ನೂ ಎರಡು ಮೂರು ವಂಶಾನೂ ಎಲ್ಲಾ ಮೊರಿಯಾನೇ ಅಂತ ಒಂದು ಮಾಡಿಬಿಟ್ರು.”

ನಾನು ಮನೆ ಪಾಲಾಗುವುದನ್ನು ಬೇಕಾದಷ್ಟು ನೋಡಿದ್ದೇನೆ. ಪಾಲಾದ ಮನೆಗಳು ಮತ್ತೆ ಒಂದಾದದ್ದನ್ನು ಕೇಳಿದ್ದು ಅದೇ ಮೊದಲು. “ಆ ವಕೀಲ ಯಾರು ಬೀಗ್ರೇ? ನಮ್ಮ ದೊಡ್ಡಪ್ಪನ ಮಕ್ಕಳಿಗೆ ಬೇಕಾಗಿತ್ತು” ಎಂದೆ.

ಇಷ್ಟರವರೆಗೆ ಎಲ್ಲ ನಗುವೇ. ಆ ಬೇಸಿಗೆಯಲ್ಲಿ ಬೀಗರಿಗೆ ಕೊರೊನಾ ಹಿಡಿಯಿತು. ಮೂರು ವಾರ ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದರು. ತಟ್ಟೆ ಬಾಗಿಲ ಹೊರಗೆ ಇಟ್ಟು ಬರುತ್ತಿದ್ದೆ. ಪಾಪ, ಎದ್ದು ಬರುವ ಹೊತ್ತಿಗೆ ಅವರ ಕುಂಡಗಳು ಚೆನ್ನಾಗಿರಲಿ ಎಂದು ಅಂಗಳಕ್ಕೆ ಹೋಗಿ ನೋಡುತ್ತೇನೆ, ನಲವತ್ತೊಂದೂ ಒಣಗಿ ಸತ್ತಿವೆ. ಒಣಗಿದ್ದನ್ನೆಲ್ಲ ಕಿತ್ತೆ. ದಿನಾ ಬೆಳಿಗ್ಗೆ ಅಕ್ಕಿ ತೊಳೆದ ನೀರು ಹಾಕಿದೆ. ಪ್ರತಿ ಕುಂಡದಲ್ಲೂ ಒಂದೊಂದು ಬಿಳಿ ಪ್ಲಾಸ್ಟಿಕ್ ಕಡ್ಡಿ ಚುಚ್ಚಿತ್ತು, ಮೇಲೆ ಪೆನ್ಸಿಲಿನ ಗೀಚು. ಮೊಮ್ಮಗಳ ಆಟ ಎಂದುಕೊಂಡು ಎಲ್ಲವನ್ನೂ ಕಿತ್ತು, ಸೋಪು ಹಾಕಿ ಉಜ್ಜಿ, ಪಾತ್ರೆಗಳ ಜೊತೆ ಬೋರಲು ಹಾಕಿದೆ. ಏನು ಹೊಳಪು ಬಂದಿತ್ತು ಅಂತೀರಿ.

ಬೀಗರು ಇಳಿದು ಬಂದವರು ಮೊದಲು ನೋಡಿದ್ದು ಅದನ್ನು. ನಲವತ್ತೊಂದು ಬಿಳಿ ಕಡ್ಡಿ, ಒಂದರಲ್ಲೂ ಅಕ್ಷರವಿಲ್ಲ. ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು.

“ನೀರೇನಾದ್ರೂ ಹಾಕಿದ್ರಾ?”

“ದಿನಾ.”

“ಇವು ಸತ್ತಿರಲಿಲ್ಲ ಬೀಗಿತ್ತಮ್ಮ, ನಿದ್ದೆ ಮಾಡ್ತಿದ್ವು. ಬೇಸಿಗೆಯಲ್ಲಿ ಒಣಗಿ ಮಲಗಬೇಕು. ನೀರು ತಾಗಿದ್ರೆ ಗೆಡ್ಡೆ ಕೊಳೆಯುತ್ತೆ.”

“ಮಲಗಿದೆ ಅಂತ ಹೇಳಿ ಮಲಗಬೇಕಪ್ಪ” ಎಂದೆ. ತಪ್ಪಾಯಿತು ಎನ್ನಲು ನನಗೆ ಬರುವುದಿಲ್ಲ, ಅಭ್ಯಾಸವಿಲ್ಲ.

ಆದರೆ ಚಳಿಗಾಲದ ಮಳೆ ಬಿದ್ದದ್ದೇ ನಲವತ್ತೊಂದು ಕುಂಡದಲ್ಲೂ ಹಸಿರು ಚಿಗುರಿತು. ಬೀಗರು ಎಣಿಸಿ ಎಣಿಸಿ ಕೈ ಮುಗಿದರು. ಎಲ್ಲ ಬದುಕಿವೆ, ಹೆಸರು ಮಾತ್ರ ಹೋಗಿದೆ. ಹೂ ಬಿಟ್ಟಾಗ ಹೂವನ್ನೇ ವಿಳಾಸವೆಂದು ಓದಿದರಾಯಿತು, ಎಂದರು.

ಅಲ್ಲಿಂದ ಮೂರು ವಸಂತ ನಮ್ಮ ಮನೆ ಅಂಚೆ ಬೋಗಿಯಾಯಿತು. ಹೂವು ಅರ್ಧ ದಿನದ್ದು. ಅಷ್ಟರೊಳಗೆ ಓದಬೇಕು. ಬೀಗರ ಕಣ್ಣಿಗೆ ಭೂತಕನ್ನಡಿ ಸಾಲದೆ ನನ್ನನ್ನೂ ಕೂರಿಸಿಕೊಂಡರು. ಐವತ್ತು ವರ್ಷ ಮೊಗ್ಗು ಎಣಿಸಿದ ಬೆರಳು ನನ್ನದು. “ಹೊರಗಿನ ಎಸಳು ಒಳಗಿನದಕ್ಕಿಂತ ದೊಡ್ಡದಾ? ಕಡ್ಡಿ ಚಪ್ಪಟೆನಾ, ದಾರದ ಹಾಗಿದೆಯಾ? ಜುಟ್ಟು ಇದೆಯಾ?” ಎಂದು ಅವರು ಕೇಳುವುದು, “ದೊಡ್ಡದು, ಚಪ್ಪಟೆ, ಇದೆ, ಮುಂದೆ ಹೋಗಿ” ಎಂದು ನಾನು ಹೇಳುವುದು. ಅವರು ಪುಸ್ತಕ ತಿರುವಿ, ಪ್ಲಾಸ್ಟಿಕ್ ಕಡ್ಡಿಯ ಮೇಲೆ ಹೆಸರು ಬರೆದು ಚುಚ್ಚಿ, ಅಜ್ಜಿಯ ಕವರುಗಳಿಂದ ಇಳಿಸಿಕೊಂಡಿದ್ದ ಹಳೆಯ ಪಟ್ಟಿಯಲ್ಲಿ ಗೀಟು ಎಳೆಯುವುದು. ಮಗಳು ಆಫೀಸಿನಿಂದ ಬಂದು, “ಅಮ್ಮ, ಊಟ ಆಯ್ತಾ?” ಎಂದರೆ, “ಇರು, ಕೇಸರ ಎಣಿಸ್ತಿದೀನಿ” ಎನ್ನುವ ಗತಿಗೆ ಬಂದೆ.

ಮೂರು ವರ್ಷಕ್ಕೆ ನಲವತ್ತು ಕುಂಡಕ್ಕೆ ಹೆಸರು ಸಿಕ್ಕಿತು. ಉಳಿದದ್ದು ಒಂದು ಕುಂಡ, ಪಟ್ಟಿಯಲ್ಲಿ ಉಳಿದದ್ದು ಒಂದು ಹೆಸರು, ನವಿಲುಗಣ್ಣಿನದು. “ಕೊನೇ ಕಾಗದಕ್ಕೆ ಕೊನೇ ಗೂಡು. ಇದರಲ್ಲಿ ಯೋಚನೆ ಮಾಡೋದೇನಿಲ್ಲ” ಎಂದರು ಬೀಗರು. ಇದೇ ನವಿಲುಗಣ್ಣು ಎಂದು ಮೊದಲ ವರ್ಷದಿಂದಲೇ ಅವರ ಊಹೆ, ಆಗಿನಿಂದಲೂ ಆ ಕುಂಡವನ್ನು ಮಗುವಿನಂತೆ ಜಗುಲಿಯ ನೆರಳಿನಲ್ಲಿಟ್ಟು ಸಾಕುತ್ತಿದ್ದರು. ಅದು ವರ್ಷಕ್ಕೊಂದು ಉದ್ದನೆಯ ಎಲೆ ಬಿಡುತ್ತಿತ್ತು, ಅಷ್ಟೇ. ನವಿಲುಗಣ್ಣಿನ ಎಲೆಯ ಮೇಲೆ ಸಣ್ಣ ರೋಮ ಇರಬೇಕು ಎಂದು ಅವರೇ ನನಗೆ ಓದಿ ಹೇಳಿದ್ದರು. ನಾನು ಮುಟ್ಟಿ ನೋಡಿದೆ. ಈರುಳ್ಳಿ ಸೊಪ್ಪಿನಷ್ಟು ನುಣುಪು.

“ರೋಮ ಎಲ್ಲಿದೆ ಬೀಗ್ರೇ?”

“ಇದೆ, ಇದೆ. ಇನ್ನೂ ಎಳೇದು. ಬೆಳೀತಾ ಬರುತ್ತೆ” ಎಂದರು. ಅಷ್ಟು ಖಂಡಿತವಾದಿ ಮನುಷ್ಯ ಮುಖ ಆ ಕಡೆ ತಿರುಗಿಸಿ ಹೇಳಿದರು.

ಪ್ರತಿ ಮಾರ್ಚಿನಲ್ಲೂ ಸ್ಯಾನ್ ಡಿಯಾಗೋದಿಂದ ಫೋನ್ ಬರುತ್ತಿತ್ತು. ಅಜ್ಜಿ ಈಗ ಹಾಸಿಗೆ ಹಿಡಿದಿದ್ದಳು, ಧ್ವನಿ ವರ್ಷ ವರ್ಷ ಸಣ್ಣಗಾಗುತ್ತಿತ್ತು. ಮಾತು ಮಾತ್ರ ಒಂದೇ, ಅರಳಿತಾ? ಬೀಗರು, “ನೆಕ್ಸ್ಟ್ ಇಯರ್, ಶೂರ್” ಎಂದು ಹೇಳಿ, ಫೋನ್ ಇಟ್ಟಮೇಲೆ ಸ್ವಲ್ಪ ಹೊತ್ತು ಆ ಒಂಟಿ ಎಲೆಯನ್ನು ನೋಡುತ್ತಾ ಕೂರುತ್ತಿದ್ದರು. ನಾಲ್ಕು ಸಲ ಕೇಳಿದ್ದೇನೆ ಈ ನೆಕ್ಸ್ಟ್ ಇಯರನ್ನು.

ಹೋದ ವರ್ಷ ಅಳಿಯನಿಗೆ ಅಜ್ಜಿ ಇದ್ದ ಸ್ಯಾನ್ ಡಿಯಾಗೋದಲ್ಲೇ ಕೆಲಸ ಸಿಕ್ಕಿತು. ಮನೆ ಖಾಲಿ ಮಾಡಬೇಕು. ಟ್ರಕ್ಕಿಗೆ ತುಂಬಲು ಸುಲಭವಾಗಲಿ ಎಂದು ಅವನು ಕುಂಡಗಳನ್ನೆಲ್ಲ ಅಂಗಳದ ಬಿಸಿಲಿಗೆ ತಂದು ಸಾಲಾಗಿ ಇಟ್ಟ, ಜಗುಲಿಯ ಕುಂಡವನ್ನೂ ಸೇರಿಸಿ. ಮೂರು ವಾರಕ್ಕೆ ಅದರಲ್ಲಿ ದಂಟು ಎದ್ದಿತು. ತುದಿಯಲ್ಲಿ ಹಸಿರು ಹೊದಿಕೆಯೊಳಗೆ ಮೊಗ್ಗು.

ಬೀಗರು ಹಣೆ ಚಚ್ಚಿಕೊಂಡರು. “ಇಷ್ಟು ವರ್ಷ ನಾನೇ ನೆರಳಲ್ಲಿಟ್ಟು ಹಾಳು ಮಾಡ್ದೆ. ಬಿಸಿಲಿಲ್ದೆ ಇದು ಹೂ ಬಿಡಲ್ಲ ಬೀಗಿತ್ತಮ್ಮ.” ಸ್ಕೇಲು ತಂದು ಮೊಗ್ಗು ಅಳೆದರು. ನಾಳಿದ್ದು ಅರಳುತ್ತದೆ ಎಂದು ತೀರ್ಮಾನ ಕೊಟ್ಟರು. ಅಳಿಯ, “ಹಾಗಾದ್ರೆ ಇವತ್ತು ಬನ್ನಿ ಅಪ್ಪ, ಹೊಸ ಮನೇಲಿ ಕುಂಡ ಎಲ್ಲಿಡೋದು ನೀವೇ ನೋಡಿ ಹೇಳಿ, ಸಂಜೆ ವಾಪಸ್” ಎಂದ. ಕಾರು ಹತ್ತುವ ತನಕ ಬೀಗರು ನನಗೆ ಮೂರು ಸಲ ಹೇಳಿದರು, ಕಣ್ಣಿಟ್ಟಿರಿ.

ಅವತ್ತು ಮರುಭೂಮಿ ಕಡೆಯಿಂದ ಬಿಸಿಗಾಳಿ ಎದ್ದಿತು. ಆ ಗಾಳಿಗೆ ಸ್ಕೇಲಿನ ಲೆಕ್ಕ ಗೊತ್ತಿರಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಮೊಗ್ಗು ಬಿಚ್ಚಿಕೊಂಡಿತು.

ಬೇಯಿಸಿದ ಕ್ಯಾರೆಟ್ ಬಣ್ಣ.

ಆರು ಎಸಳೂ ಒಂದೇ ಅಳತೆ. ಬಟ್ಟಲು. ನಡುವೆ ಕಂಬ. ಕಣ್ಣೂ ಇಲ್ಲ, ಜುಟ್ಟೂ ಇಲ್ಲ. ಸಿಮೆಂಟಿನ ಬಿರುಕಿನಲ್ಲಿ ಹುಟ್ಟುವ ಅದೇ ಹೂವು. ನನಗೆ ಪುಸ್ತಕ ಬೇಕಾಗಲಿಲ್ಲ. ಆ ಬೇಸಿಗೆ ನನ್ನ ಅಕ್ಕಿ ನೀರಿಗೆ ನವಿಲುಗಣ್ಣು ಕೊಳೆತು ಹೋಗಿದೆ. ಪಕ್ಕದ ಕುಂಡದಿಂದ ಸಾಸಿವೆಯಷ್ಟು ಮರಿಯೊಂದು ಸಿಡಿದು ಬಿದ್ದು ಆ ಜಾಗದಲ್ಲಿ ಬೇರೂರಿದೆ. ನಾಲ್ಕು ವರ್ಷ ನಾವು ಆರೈಕೆ ಮಾಡಿದ್ದು ಕಳೆಯನ್ನು.

ನಾನು ಸುಳ್ಳು ಹೇಳುವವಳಲ್ಲ. ನಿನ್ನೆಯ ಹೂವನ್ನು ನಿನ್ನೆಯದು ಎಂದು ಹೇಳಿಯೇ ಮಾರಿದವಳು. ಮೆಟ್ಟಿಲ ಮೇಲೆ ಕೂತು ಅರ್ಧ ಗಂಟೆ ಆ ಹೂವನ್ನು ನೋಡಿದೆ. ನನ್ನ ಮಾನ ಉಳಿಸಿಕೊಳ್ಳಲು ಮಾಡಿದೆನೋ ಅವರಿಗಾಗಿ ಮಾಡಿದೆನೋ ಎಂದು ಕೇಳಬೇಡಿ, ಎರಡೂ ಇರಬಹುದು. ಎದ್ದು ಹೋಗಿ ದಂಟನ್ನು ಬುಡದಲ್ಲಿ ಉಗುರಿನಿಂದ ಚಿವುಟಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಸೆರಗು ಮುಚ್ಚಿದೆ.

ಐದು ಗಂಟೆಗೆ ಕಾರು ಬಂತು. ಬೀಗರು ಚಪ್ಪಲಿ ಬಿಡದೆ ನೇರ ಅಂಗಳಕ್ಕೆ ಹೋದರು.

“ದಂಟೆಲ್ಲಿ?”

“ಅಳಿಲು ತಿಂತು. ನಾನು ಸಾರಿಗೆ ಒಗ್ಗರಣೆ ಹಾಕೋಕೆ ಒಳಗೆ ಹೋಗಿದ್ದೆ.”

ಭೂತಕನ್ನಡಿ ತೆಗೆದು ಬುಡವನ್ನು ನೋಡಿದರು. ಬಹಳ ಹೊತ್ತು ನೋಡಿದರು. ಅಳಿಲಿನ ಹಲ್ಲು ಯಾವುದು, ಹೂವಾಡಗಿತ್ತಿಯ ಉಗುರು ಯಾವುದು ಎಂದು ತಿಳಿಯದ ಮನುಷ್ಯನೇ? “ಅಚ್ಚುಕಟ್ಟಾದ ಅಳಿಲು” ಎಂದರು. ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಕೂತು ಕುಂಡವನ್ನು ತೊಡೆಯ ಮೇಲಿಟ್ಟುಕೊಂಡರು.

“ಅದು ತಿನ್ನೋಕೆ ಮುಂಚೆ ಅರಳಿತ್ತಾ?”

“ಅರಳಿತ್ತು.”

“ನೀವು ನೋಡಿದ್ರಾ?”

“ನೋಡ್ದೆ.”

“ಹೇಳಿ, ಮತ್ತೆ.”

ಹೇಳಿದೆ. ಹೊರಗೆ ಅಗಲವಾದ ಮೂರು ಎಸಳು, ತಿಳಿ ನೇರಳೆ ಎಂದೆ. ಒಂದೊಂದರ ಬುಡದಲ್ಲೂ ನೀಲಿ ಹಸಿರು ಕಣ್ಣು, ಸುತ್ತ ಕಾಡಿಗೆ ತೀಡಿದ ಹಾಗೆ ಕಪ್ಪು ಗೆರೆ. ಒಳಗಿನ ಮೂರು ಎಸಳು ಸಣ್ಣದು, ತುದಿ ಮೂರಾಗಿ ಸೀಳಿದ್ದು. ನಡುವಿನ ಕಡ್ಡಿ ಚಪ್ಪಟೆ, ಎಸಳಿನ ವೇಷ, ಮೇಲೆ ಎರಡು ಜುಟ್ಟು, ಕೆಳಗೆ ಅವಿತ ಕೇಸರ. ಮೂರು ವಸಂತ ಕೂರಿಸಿ ಕಲಿಸಿದ್ದನ್ನು ಒಂದೂ ಬಿಡದೆ ಅವರಿಗೇ ಒಪ್ಪಿಸಿದೆ.

“ರೋಮ ಇತ್ತಾ?”

“ದಂಟಿನ ತುಂಬ. ಹಸುಗೂಸಿನ ಕಿವಿ ಮೇಲಿರುತ್ತಲ್ಲ, ಹಾಗೆ.”

ಅವರ ಹೆಬ್ಬೆರಳು ಆ ನುಣುಪು ಎಲೆಯ ಮೇಲೇ ಇತ್ತು. ಮೇಲಿಂದ ಕೆಳಗೆ ಒಮ್ಮೆ ಸವರಿದರು. ಆಮೇಲೆ ಫೋನ್ ತೆಗೆದು ಅಜ್ಜಿಗೆ ಹಚ್ಚಿದರು.

“ಎಸ್” ಎಂದರು. “ಟುಡೇ. ತ್ರೀ ಬ್ಲೂ ಐಸ್. ವೆರಿ ಬ್ಯೂಟಿಫುಲ್. ನೋ ಫೋಟೋ, ಸ್ಕ್ವಿರಲ್ ಏಟ್ ಇಟ್.” ಆ ಕಡೆಯಿಂದ ಅಜ್ಜಿ ನಕ್ಕದ್ದು ನನಗೂ ಕೇಳಿಸಿತು. ಅಷ್ಟು ಸಣ್ಣಗಾಗಿದ್ದ ಧ್ವನಿಯಲ್ಲಿ ಅಷ್ಟು ದೊಡ್ಡ ನಗು ಎಲ್ಲಿತ್ತೋ. ಅಳಿಲನ್ನು ಬೈಯುತ್ತಾ, ನಗುತ್ತಾ, ಮತ್ತೆ ಮತ್ತೆ ಹೇಳಿಸಿಕೊಂಡಳು. ಬೀಗರು ಬೇಸರವಿಲ್ಲದೆ ಮೂರು ಸಲವೂ ಮೂರೂ ಕಣ್ಣು ಎಣಿಸಿ ಹೇಳಿದರು.

ಫೋನ್ ಇಟ್ಟು, ಒಂದು ಬಿಳಿ ಕಡ್ಡಿ ತೆಗೆದು, ಪೆನ್ಸಿಲಿನಲ್ಲಿ ನಿಧಾನವಾ‌ಗಿ ನವಿಲುಗಣ್ಣಿನ ಹೆಸರು ಬರೆದರು. ಕುಂಡದಲ್ಲಿ ಚುಚ್ಚಿ ಮಣ್ಣು ಒತ್ತಿದರು. ಕೊನೆಯ ಕಾಗದ, ಕೊನೆಯ ಗೂಡು. ನನ್ನ ಕಡೆ ನೋಡಲಿಲ್ಲ.

ಅಳಿಯ ಕುಂಡಗಳನ್ನು ಟ್ರಕ್ಕಿಗೆ ಏರಿಸಲು ಬಂದ. “ಅಪ್ಪ, ಇದನ್ನ ಹೊಸ ಮನೇಲಿ ಬಿಸಿಲು ಬೀಳೋ ಕಡೆ ಇಡೋಣ ಅಲ್ವಾ?” ಎಂದ.

“ಬೇಡಪ್ಪ” ಎಂದರು ಬೀಗರು. “ಇದು ನೆರಳಲ್ಲೇ ಇರಲಿ.”